ಉಪಗ್ರಹ ರೇಡಿಯೊ: ದುಡ್ಡು ಹಾಡಿಗಲ್ಲ, ದಾರಿಗೆ

ಅಮೆರಿಕದಲ್ಲಿ ಹೊಸ ಕಾರು ಕೊಂಡವರಿಗೆ ಕೀಲಿಯ ಜೊತೆಗೆ ಮೂರು ತಿಂಗಳ ಬಿಟ್ಟಿ ರೇಡಿಯೊವೂ ಸಿಗುವುದು ವಾಡಿಕೆ. ಡ್ಯಾಶ್‌ಬೋರ್ಡಿನ ಪರದೆಯ ಮೇಲೆ ಸಿರಿಯಸ್ ಎಕ್ಸ್‌ಎಂ ಎಂಬ ಹೆಸರು ಕಾಣುತ್ತದೆ. ಒತ್ತಿದರೆ ನೂರಕ್ಕೂ ಹೆಚ್ಚು ಚಾನೆಲ್‌ಗಳು: ಜಾಝ್‌ಗೊಂದು, ಬೀಟಲ್ಸ್ ಹಾಡುಗಳಿಗೇ ಒಂದು, ಬೇಸ್‌ಬಾಲ್‌ಗೊಂದು, ಲಾರಿ ಓಡಿಸುವವರಿಗೆಂದೇ ಒಂದು. ಊರು ದಾಟಿದರೂ ರಾಜ್ಯ ದಾಟಿದರೂ ಚಾನೆಲ್ ಬದಲಾಗುವುದಿಲ್ಲ, ಕರಕರ ಸದ್ದು ಬರುವುದಿಲ್ಲ. ಮೂರನೇ ತಿಂಗಳು ಮುಗಿಯುತ್ತಾ ಬಂದಂತೆ ಅಂಚೆಯಲ್ಲಿ ಪತ್ರ, ಇಮೇಲು, ಆಮೇಲೆ ಫೋನು. ಮುಂದೆಯೂ ಬೇಕಿದ್ದರೆ ಚಂದಾ ಕಟ್ಟಬೇಕು. ಕಾರಿನ ಪ್ಯಾಕೇಜುಗಳ ಪಟ್ಟಿ ದರ ತಿಂಗಳಿಗೆ ಇಪ್ಪತ್ತರಿಂದ ಇಪ್ಪತ್ತೈದು ಡಾಲರಿನ ಆಸುಪಾಸಿನಲ್ಲಿದೆ.

ಕಟ್ಟಬೇಕೆ? ಎಫ್‌ಎಂ ಬಿಟ್ಟಿಯಾಗಿಯೇ ಸಿಗುತ್ತದೆ. ಜೇಬಿನ ಫೋನಿನಲ್ಲಿ ಲೋಕದ ಹಾಡೆಲ್ಲ ಇದೆ. ಪಾಡ್‌ಕಾಸ್ಟುಗಳಿಗೆ ಲೆಕ್ಕವಿಲ್ಲ. ಇಷ್ಟಿದ್ದೂ ಈ ಸೇವೆಗೆ ಸುಮಾರು 3.3 ಕೋಟಿ ಚಂದಾದಾರರಿದ್ದಾರೆ. ಅಷ್ಟು ಮಂದಿ ದಡ್ಡರಿರಲಾರರು. ಹಾಗಂತ ಅಷ್ಟೂ ಮಂದಿ ಲೆಕ್ಕ ಹಾಕಿಯೇ ಕಟ್ಟುತ್ತಿದ್ದಾರೆ ಎನ್ನಲೂ ಆಗದು.

ರೇಡಿಯೊ ಕೇಳಲು ದುಡ್ಡು ಕೊಡುವುದು ನಮಗೇನೂ ಹೊಸದಲ್ಲ. 1980ರ ದಶಕದವರೆಗೂ ಭಾರತದಲ್ಲಿ ರೇಡಿಯೊ ಇಟ್ಟುಕೊಂಡವರು ಅಂಚೆ ಕಚೇರಿಗೆ ಹೋಗಿ ವರ್ಷವರ್ಷವೂ ಲೈಸೆನ್ಸ್ ನವೀಕರಿಸಿಕೊಂಡು ಬರಬೇಕಿತ್ತು. ಆ ಶುಲ್ಕ ಹೋದ ಮೇಲೆ, ರೇಡಿಯೊ ಎಂದರೆ ಬಿಟ್ಟಿ ಎಂಬ ಭಾವನೆ ಗಟ್ಟಿಯಾಯಿತು. ಅದನ್ನು ಅಲುಗಾಡಿಸಲು ಹೊರಟ ಕಂಪನಿಯೊಂದು ಬೆಂಗಳೂರಿನಿಂದಲೇ ವ್ಯಾಪಾರ ನಡೆಸಿ ಬಾಗಿಲು ಹಾಕಿದ ಕಥೆಯೂ ಇದೆ. ಚಂದಾ ಕಟ್ಟುವುದು ಲಾಭವೋ ದಂಡವೋ ಎಂದು ತೂಗುವಾಗ ಅಮೆರಿಕದ ಗೆಲುವನ್ನೂ ನಮ್ಮ ಸೋಲನ್ನೂ ಒಟ್ಟಿಗೇ ಇಟ್ಟು ನೋಡಬೇಕು.

ಆಕಾಶದಿಂದ ಕಾರಿಗೆ

ಎಫ್‌ಎಂ ಅಲೆ ನೆಲದ ಮೇಲಿನ ಗೋಪುರದಿಂದ ಹೊರಡುತ್ತದೆ. ಭೂಮಿ ಬಾಗಿರುವುದರಿಂದ ನೂರು ಕಿಲೋಮೀಟರ್ ಹೋಗುವಷ್ಟರಲ್ಲಿ ಅದರ ಕಸುವು ಮುಗಿಯುತ್ತದೆ. ಹೆದ್ದಾರಿಯಲ್ಲಿ ವೇಗವಾಗಿ ಹೋಗುವವರಿಗೆ ಒಂದು ಕೇಂದ್ರ ಗಂಟೆಗಿಂತ ಹೆಚ್ಚು ಹೊತ್ತು ಸಿಕ್ಕುವುದು ಅಪರೂಪ. ಗೋಪುರವನ್ನೇ ಆಕಾಶದಲ್ಲಿ ನಿಲ್ಲಿಸಿದರೆ? ಈ ಯೋಚನೆಯಿಂದ 1990ರಲ್ಲಿ ಸಿಡಿ ರೇಡಿಯೊ ಎಂಬ ಕಂಪನಿ ಹುಟ್ಟಿತು. ಅದರ ಹಿಂದಿದ್ದವರಲ್ಲಿ ಮುಖ್ಯರು ಮಾರ್ಟಿನ್ ರಾತ್‌ಬ್ಲಾಟ್. ಅಮೆರಿಕದ ಸಂಪರ್ಕ ಆಯೋಗ 1992ರಲ್ಲಿ ಇದಕ್ಕೆಂದು 2.3 ಗಿಗಾಹರ್ಟ್ಸ್ ಸುತ್ತಿನ ತರಂಗಗುಚ್ಛ ಮೀಸಲಿಟ್ಟು, 1997ರಲ್ಲಿ ಎರಡು ಲೈಸೆನ್ಸುಗಳನ್ನು ಹರಾಜು ಹಾಕಿತು. ಒಂದೊಂದಕ್ಕೂ ಎಂಟು ಕೋಟಿ ಡಾಲರಿಗೂ ಮೀರಿದ ಬೆಲೆ ಬಂತು. ಒಂದು ಲೈಸೆನ್ಸ್ ಪಡೆದ ಸಿಡಿ ರೇಡಿಯೊ ಮುಂದೆ ಸಿರಿಯಸ್ ಎಂದು ಹೆಸರು ಬದಲಿಸಿಕೊಂಡಿತು. ಇನ್ನೊಂದು ಎಕ್ಸ್‌ಎಂ ಆಯಿತು.

ಎಕ್ಸ್‌ಎಂ 2001ರಲ್ಲಿ ‘ರಾಕ್’, ‘ರೋಲ್’ ಎಂಬ ಎರಡು ಉಪಗ್ರಹಗಳನ್ನು ಭೂಸ್ಥಿರ ಕಕ್ಷೆಗೆ ಹಾರಿಸಿ ಆ ವರ್ಷದ ಸೆಪ್ಟೆಂಬರಿನಲ್ಲಿ ಪ್ರಸಾರ ಶುರುಮಾಡಿತು. ಸಿರಿಯಸ್ 2002ರಲ್ಲಿ ಬಂತು. ಅದು ಆರಿಸಿಕೊಂಡ ಕಕ್ಷೆಯೇ ಬೇರೆ: ಉದ್ದನೆಯ ಅಂಡಾಕಾರದ ದಾರಿಯಲ್ಲಿ ಮೂರು ಉಪಗ್ರಹಗಳು ಸರದಿಯ ಮೇಲೆ ಉತ್ತರ ಅಮೆರಿಕದ ನೆತ್ತಿಯ ಮೇಲೆ ಬರುತ್ತಿದ್ದವು. ಉಪಗ್ರಹ ಆಕಾಶದಲ್ಲಿ ಮೇಲಕ್ಕಿದ್ದಷ್ಟೂ ಮರ, ಕಟ್ಟಡ, ಗುಡ್ಡಗಳ ಅಡ್ಡಿ ಕಡಿಮೆ. ನ್ಯೂಯಾರ್ಕ್‌ನಂಥ ಎತ್ತರದ ಕಟ್ಟಡಗಳ ಊರಿನಲ್ಲಿ ಆಕಾಶವೇ ಕಾಣದಿದ್ದಾಗ ಏನು ಮಾಡುವುದು? ಅದಕ್ಕೆ ನೆಲದ ಮೇಲೂ ಮರುಪ್ರಸಾರದ ಗೋಪುರಗಳನ್ನು ನೆಟ್ಟರು. ಸೇತುವೆಯ ಕೆಳಗೆ ಹೋದಾಗ ಹಾಡು ನಿಲ್ಲಬಾರದೆಂದು ರಿಸೀವರ್ ಕೆಲವು ಸೆಕೆಂಡುಗಳಷ್ಟು ಧ್ವನಿಯನ್ನು ಮೊದಲೇ ಹಿಡಿದಿಟ್ಟುಕೊಳ್ಳುತ್ತದೆ. ಓಡುವ ಕಾರಿಗೆ ಬೇಕಾದ ಏರ್ಪಾಡುಗಳಿವು. ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಸೇವೆಯನ್ನು ಕಟ್ಟಿದರು ಎಂಬುದೂ ಇದರಿಂದಲೇ ತಿಳಿಯುತ್ತದೆ.

ಆರಂಭದಲ್ಲಿ ಎಕ್ಸ್‌ಎಂ ತಿಂಗಳಿಗೆ 9.99 ಡಾಲರ್ ಕೇಳಿದರೆ ಸಿರಿಯಸ್ 12.95 ಕೇಳುತ್ತಿತ್ತು. ಕೇಳುಗರನ್ನು ಸೆಳೆಯಲು ಎರಡೂ ಪೈಪೋಟಿಗೆ ಬಿದ್ದು ಹಣ ಚೆಲ್ಲಿದವು. ಬೇಸ್‌ಬಾಲ್ ಲೀಗಿಗೆ ಎಕ್ಸ್‌ಎಂ 65 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡಿತು. ಎಫ್‌ಎಂನಲ್ಲಿ ಅಶ್ಲೀಲ ಮಾತಿಗೆ ದಂಡದ ಮೇಲೆ ದಂಡ ಬೀಳುತ್ತಿದ್ದ ನಿರೂಪಕ ಹೊವಾರ್ಡ್ ಸ್ಟರ್ನ್‌ ಅವರಿಗೆ ಸಿರಿಯಸ್ 2004ರಲ್ಲಿ ಐದು ವರ್ಷಕ್ಕೆ 50 ಕೋಟಿ ಡಾಲರಿನ ಒಪ್ಪಂದ ಕೊಟ್ಟಿತು. 2006ರ ಜನವರಿಯಲ್ಲಿ ಅವರ ಕಾರ್ಯಕ್ರಮ ಉಪಗ್ರಹಕ್ಕೆ ಹೋಯಿತು. ಖರ್ಚು ತಡೆಯಲಾರದೆ ಎರಡು ಕಂಪನಿಗಳೂ 2008ರಲ್ಲಿ ಒಂದಾದವು. ಒಂದಾದ ಮೇಲೂ ಸಾಲ ಬೆನ್ನು ಬಿಡಲಿಲ್ಲ. 2009ರ ಫೆಬ್ರವರಿಯಲ್ಲಿ ದಿವಾಳಿಯ ಅಂಚಿಗೆ ಬಂದಿದ್ದ ಕಂಪನಿಯನ್ನು ಲಿಬರ್ಟಿ ಮೀಡಿಯಾ 53 ಕೋಟಿ ಡಾಲರ್ ಸಾಲ ಕೊಟ್ಟು ಉಳಿಸಿತು. ಅಲ್ಲಿಂದೀಚೆಗೆ ಕಂಪನಿ ಚೇತರಿಸಿಕೊಂಡಿದೆ. ಅಮೆರಿಕದಲ್ಲಿ ಉಪಗ್ರಹ ರೇಡಿಯೊ ಕೊಡುವವರು ಇದೊಂದೇ ಕಂಪನಿ ಎಂಬುದು ಕೇಳುಗ ಮರೆಯಬಾರದ ಸಂಗತಿ. ಪೈಪೋಟಿ ಇಲ್ಲದ ಕಡೆ ದರ ಯಾರ ಮಾತು ಕೇಳುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಹಾಗಾಗಿಯೇ ವಿಲೀನಕ್ಕೆ ಒಪ್ಪುವಾಗ ಆಯೋಗ ಮೂರು ವರ್ಷ ದರ ಏರಿಸಬಾರದೆಂದು ಷರತ್ತು ಹಾಕಿತ್ತು. ಆ ಗಡುವು ಕಳೆದ ಮೇಲೆ, 2012ರ ಆರಂಭದಲ್ಲಿ, 12.95 ಇದ್ದದ್ದು 14.49 ಆಯಿತು.

ಕೊಟ್ಟ ಕಾಸಿಗೆ ಏನು ಸಿಗುತ್ತದೆ

ಉಪಗ್ರಹ ರೇಡಿಯೊ ಬೆಳೆದದ್ದಕ್ಕೆ ಅಮೆರಿಕದ ಎಫ್‌ಎಂ ಹದಗೆಟ್ಟದ್ದೂ ಒಂದು ಕಾರಣ. 1996ರ ದೂರಸಂಪರ್ಕ ಕಾಯ್ದೆ ಒಬ್ಬರ ಕೈಯಲ್ಲಿ ಎಷ್ಟು ರೇಡಿಯೊ ಕೇಂದ್ರಗಳಿರಬಹುದು ಎಂಬ ಮಿತಿಯನ್ನು ಸಡಿಲಿಸಿತು. ಕೆಲವೇ ವರ್ಷಗಳಲ್ಲಿ ಕ್ಲಿಯರ್ ಚಾನೆಲ್ ಎಂಬ ಒಂದೇ ಕಂಪನಿ 1,200ಕ್ಕೂ ಹೆಚ್ಚು ಕೇಂದ್ರಗಳ ಒಡೆತನ ಹಿಡಿಯಿತು. ಊರೂರಿಗೂ ಇದ್ದ ಸ್ವಂತ ದನಿ ಕ್ಷೀಣಿಸಿತು. ಎಲ್ಲಿ ಹೋದರೂ ಅದೇ ಮೂವತ್ತು–ನಲವತ್ತು ಹಾಡುಗಳ ಸರದಿ, ನಡುನಡುವೆ ಜಾಹೀರಾತು. ಇದರಿಂದ ಬೇಸತ್ತವರಿಗೆ ಜಾಹೀರಾತಿಲ್ಲದ ಸಂಗೀತದ ಚಾನೆಲ್ ದುಡ್ಡು ಕೊಡಲು ತಕ್ಕ ವಸ್ತುವಾಗಿ ಕಂಡಿತು.

ಜಾಹೀರಾತಿಲ್ಲ ಎಂಬ ಮಾತನ್ನು ಸರಿಯಾಗಿ ಓದಿಕೊಳ್ಳಬೇಕು. ಅದು ಸಂಗೀತದ ಚಾನೆಲ್‌ಗಳಿಗೆ ಮಾತ್ರ. ಸುದ್ದಿ, ಕ್ರೀಡೆ, ಹರಟೆಯ ಚಾನೆಲ್‌ಗಳಲ್ಲಿ ಚಂದಾ ಕಟ್ಟಿದ ಮೇಲೂ ಜಾಹೀರಾತು ಕೇಳಲೇಬೇಕು. ಅನೇಕರು ಇದನ್ನು ತಿಳಿಯುವುದು ಹಣ ಕಟ್ಟಿಯಾದ ಮೇಲೆ.

ಧ್ವನಿಯ ಗುಣಮಟ್ಟದಲ್ಲಿಯೂ ನಿರೀಕ್ಷೆ ಮಿತಿಯಲ್ಲಿರಲಿ. ಸಿಕ್ಕಿದ ಚೂರು ತರಂಗಗುಚ್ಛದಲ್ಲಿ ನೂರಾರು ಚಾನೆಲ್ ತುರುಕಬೇಕಾದ್ದರಿಂದ ಧ್ವನಿಯನ್ನು ಬಹಳ ಕುಗ್ಗಿಸಿ ಕಳಿಸುತ್ತಾರೆ. ಮಾತಿನ ಚಾನೆಲ್‌ಗಳಲ್ಲಿ ಅದು ಇನ್ನೂ ಎದ್ದು ಕಾಣುತ್ತದೆ. ಕಾರಿನ ಎಂಜಿನ್ನು, ಟೈರು, ಗಾಳಿಯ ಸದ್ದಿನ ನಡುವೆ ಇದು ಅಷ್ಟಾಗಿ ಗೊತ್ತಾಗದಿದ್ದರೂ ಒಳ್ಳೆಯ ಸ್ಪೀಕರ್ ಹಾಕಿಸಿಕೊಂಡು ಕಿವಿ ಕೊಟ್ಟು ಕೇಳುವವರಿಗೆ ತಾಳದ ತಟ್ಟೆಯ ಝಣತ್ಕಾರ ನೀರಾದಂತೆ ಅನಿಸುವುದು ನಿಜ. ಸಂಗೀತದ ಸೂಕ್ಷ್ಮಕ್ಕಾಗಿ ಚಂದಾ ಕಟ್ಟುತ್ತೇನೆ ಎನ್ನುವವರಿಗೆ ಇದು ಸರಿಯಾದ ಅಂಗಡಿಯಲ್ಲ.

ಹಾಗಾದರೆ ಇದರ ಬಲ ಯಾವುದರಲ್ಲಿದೆ? ಮೊದಲನೆಯದು, ನೇರಪ್ರಸಾರ. ಅಮೆರಿಕದ ದೊಡ್ಡ ಲೀಗುಗಳ ಆಟ ಯಾವ ಊರಿನಲ್ಲಿ ನಡೆದರೂ ಅದರ ವೀಕ್ಷಕ ವಿವರಣೆ ಕಾರಿನಲ್ಲಿ ಸಿಗುತ್ತದೆ. ಚಿಕಾಗೋದಲ್ಲಿ ಬೆಳೆದು ಟೆಕ್ಸಾಸಿಗೆ ಕೆಲಸಕ್ಕೆ ಹೋದವರಿಗೆ ತಮ್ಮ ತಂಡದ ಆಟ ಕೇಳಲು ಬೇರೆ ಸುಲಭದ ದಾರಿ ಕಡಿಮೆ. ಎರಡನೆಯದು, ಒಬ್ಬರು ಆರಿಸಿ ಕೇಳಿಸುವ ಸುಖ. ಮುಂದಿನ ಹಾಡು ಯಾವುದು ಎಂದು ಯೋಚಿಸದೆ ಕೇಳುವುದೇ ರೇಡಿಯೊದ ರುಚಿ ಎನ್ನುವವರು ಈಗಲೂ ಇದ್ದಾರೆ. ನಮ್ಮಲ್ಲಿ ವಿವಿಧ ಭಾರತಿಯ ಕೇಳುಗರಿಗೆ ಇದನ್ನು ವಿವರಿಸಬೇಕಿಲ್ಲ. ಮೂರನೆಯದು, ಹಾಡಿನಾಚೆಯ ಉಪಯೋಗ. ಇದೇ ಉಪಗ್ರಹದ ಮೂಲಕ ಸಣ್ಣ ವಿಮಾನಗಳ ಪೈಲಟ್‌ಗಳಿಗೂ ದೋಣಿ ನಡೆಸುವವರಿಗೂ ಹವಾಮಾನದ ಮಾಹಿತಿ ಹೋಗುತ್ತದೆ. ಮುಂದಿನ ಕಣಿವೆಯಲ್ಲಿ ಗುಡುಗು ಮಳೆ ಕಾದಿದೆಯೇ ಎಂದು ಕಾಕ್‌ಪಿಟ್ಟಿನ ಪರದೆಯಲ್ಲಿ ನೋಡುವ ಪೈಲಟ್ ಚಂದಾ ದುಬಾರಿಯೇ ಎಂದು ಕೇಳುವುದಿಲ್ಲ.

ಕಲಾವಿದರ ಮಾತನ್ನೂ ಇಲ್ಲಿ ಹೇಳಬೇಕು. ಅಮೆರಿಕದ ಎಫ್‌ಎಂ ಕೇಂದ್ರಗಳು ಹಾಡು ಬರೆದವರಿಗೆ ಮತ್ತು ರಾಗ ಹಾಕಿದವರಿಗೆ ರಾಯಧನ ಕೊಡುತ್ತವೆ. ಹಾಡಿದವರಿಗೆ, ವಾದ್ಯ ನುಡಿಸಿದವರಿಗೆ ಏನೂ ಕೊಡಬೇಕಿಲ್ಲ; ಅಲ್ಲಿನ ಕಾನೂನೇ ಹಾಗಿದೆ. ಉಪಗ್ರಹ ರೇಡಿಯೊ ಅವರಿಗೂ ಕೊಡಬೇಕು, 2018ರಿಂದ ಸಂಬಂಧಪಟ್ಟ ಆದಾಯದ ಶೇ. 15.5ರಷ್ಟು. ಹಾಡುಗಾರರಿಗೆ ಅಷ್ಟಿಷ್ಟಾದರೂ ತಲುಪಲಿ ಎನ್ನುವ ಕೇಳುಗನಿಗೆ ಇದು ಸಣ್ಣ ಸಮಾಧಾನ.

ಫೋನು ಒಡ್ಡಿದ ಸವಾಲು

2001ರಲ್ಲಿ ಎಫ್‌ಎಂ ಒಂದೇ ಎದುರಾಳಿಯಾಗಿತ್ತು. ಈಗ ಎದುರಾಳಿ ಪ್ರತಿಯೊಬ್ಬರ ಜೇಬಿನಲ್ಲಿದೆ. ಹನ್ನೆರಡು ಡಾಲರಿನ ಆಸುಪಾಸಿನಲ್ಲಿ ಸ್ಪಾಟಿಫೈನಂಥ ಸೇವೆ ಬೇಕಾದ ಹಾಡನ್ನು ಬೇಕಾದಾಗ ಕೊಡುತ್ತದೆ, ಇಷ್ಟವಿಲ್ಲದ್ದನ್ನು ದಾಟಿಸುತ್ತದೆ, ಹಾಡುಗಳನ್ನು ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದ ಕಡೆಯೂ ನುಡಿಯುತ್ತದೆ. ಡೇಟಾದ ಚಿಂತೆಯೂ ದೊಡ್ಡದಲ್ಲ: ಸಾಧಾರಣ ಗುಣಮಟ್ಟದಲ್ಲಿ ಒಂದು ಗಂಟೆಯ ಸಂಗೀತಕ್ಕೆ ಅರವತ್ತು ಎಂಬಿ ಮುಟ್ಟಿದರೆ ಹೆಚ್ಚು. ಸಂಗೀತಕ್ಕಾಗಿಯೇ ದುಡ್ಡು ಕೊಡುವುದಾದರೆ ಉಪಗ್ರಹ ರೇಡಿಯೊ ಈ ಸ್ಪರ್ಧೆಯಲ್ಲಿ ಸೋತಾಗಿದೆ ಎಂದು ನೇರವಾಗಿಯೇ ಹೇಳಬಹುದು. ಕಂಪನಿಗೂ ಇದು ಗೊತ್ತು. 2019ರಲ್ಲಿ ಅದು ಪ್ಯಾಂಡೋರಾ ಎಂಬ ಇಂಟರ್ನೆಟ್ ರೇಡಿಯೊ ಸೇವೆಯನ್ನು ಕೊಂಡದ್ದೂ, ಕಾರಿಲ್ಲದವರಿಗೆ ಫೋನಿನಲ್ಲೇ ಕೇಳುವ ಯೋಜನೆಯನ್ನು 9.99 ಡಾಲರಿಗೆ ತಂದದ್ದೂ, ಹೊಸ ಕಾರುಗಳಲ್ಲಿ ಉಪಗ್ರಹ ಮತ್ತು ಇಂಟರ್ನೆಟ್ ಎರಡನ್ನೂ ಬೆರೆಸುತ್ತಿರುವುದೂ ಅದಕ್ಕೇ.

ಅಲ್ಲಿನ ಕನ್ನಡಿಗರ ಮನೆಗಳಲ್ಲಿ ಈ ಲೆಕ್ಕ ಇನ್ನೂ ಬೇಗ ಮುಗಿಯುತ್ತದೆ. ರಾಜ್‌ಕುಮಾರ್ ಹಾಡು, ಭಾವಗೀತೆ, ಯಕ್ಷಗಾನದ ತಾಳಮದ್ದಳೆ, ಬೆಂಗಳೂರಿನ ಆಕಾಶವಾಣಿಯ ಸುದ್ದಿ, ಇವೆಲ್ಲ ಫೋನಿನಲ್ಲಿಯೇ ಸಿಗುವಂಥವು. ಆಕಾಶವಾಣಿಯ ಆ್ಯಪ್ ಬಿಟ್ಟಿ. ಸ್ಯಾನ್ ಹೋಸೆಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ದಿನಾ ಓಡಾಡುವವರಿಗೆ ದಾರಿಯುದ್ದಕ್ಕೂ ನೆಟ್‌ವರ್ಕ್ ಇರುತ್ತದೆ. ಅಂಥವರಿಗೆ ಉಪಗ್ರಹದ ಹಂಗೇಕೆ?

ಆದರೆ ಅದೇ ಕುಟುಂಬ ಬೇಸಿಗೆ ರಜೆಯಲ್ಲಿ ಯೆಲ್ಲೊಸ್ಟೋನ್ ಕಡೆಗೆ ಹೊರಟಾಗ ಚಿತ್ರ ಬದಲಾಗುತ್ತದೆ. ನೆವಾಡಾದ 50ನೇ ಹೆದ್ದಾರಿಯನ್ನು 1986ರಲ್ಲಿ ಲೈಫ್ ಪತ್ರಿಕೆ ಅಮೆರಿಕದ ಅತ್ಯಂತ ಒಂಟಿ ರಸ್ತೆ ಎಂದು ಕರೆದಿತ್ತು. ಒಂದು ಊರಿಗೂ ಇನ್ನೊಂದು ಊರಿಗೂ ನಡುವೆ ನೂರು ಕಿಲೋಮೀಟರಿಗೂ ಮೀರಿದ ಬಯಲು. ಫೋನಿನ ಗೆರೆಗಳು ಒಂದೊಂದಾಗಿ ಅಳಿದು ಹೋಗುತ್ತವೆ, ಎಫ್‌ಎಂ ಹುಡುಕಿದರೆ ಅಂಕಿಗಳು ಸುತ್ತುತ್ತಲೇ ಇರುತ್ತವೆ. ಇಳಿಸಿಕೊಂಡ ಹಾಡುಗಳಿದ್ದರೆ ಸರಿ. ಈಗ ನಡೆಯುತ್ತಿರುವ ಆಟ, ಈಗಿನ ಸುದ್ದಿ, ಮುಂದಿನ ಕಣಿವೆಯ ಹವಾಮಾನ ಮಾತ್ರ ಇಳಿಸಿಟ್ಟುಕೊಳ್ಳುವಂಥದ್ದಲ್ಲ. ವಯೋಮಿಂಗ್, ಮೊಂಟಾನಾ, ನೆವಾಡಾಗಳಲ್ಲಿ ವಾರಗಟ್ಟಲೆ ಲಾರಿ ಓಡಿಸುವವರಿಗೆ, ಹೊಲದ ನಡುವೆ ದಿನವಿಡೀ ಟ್ರ್ಯಾಕ್ಟರಿನಲ್ಲಿ ಕೂರುವ ರೈತರಿಗೆ ಉಪಗ್ರಹ ರೇಡಿಯೊ ಚೈನಿಯ ವಸ್ತುವಲ್ಲ. ಅದಕ್ಕೆ ಕೊಡುವ ದುಡ್ಡು ಹಾಡಿಗಿಂತ ಹೆಚ್ಚಾಗಿ ಆ ದಾರಿಗೆ ಕೊಡುವ ದುಡ್ಡು.

ಬಿಲ್ಲಿನ ಮರ್ಮ

ಇನ್ನು ಹಣದ ಲೆಕ್ಕ. ತಿಂಗಳಿಗೆ ಇಪ್ಪತ್ತು ಡಾಲರ್ ಎಂದು ಒಪ್ಪಿಕೊಂಡವರ ಬಿಲ್ಲು ಇಪ್ಪತ್ತಕ್ಕೆ ನಿಲ್ಲುವುದಿಲ್ಲ. ಸಂಗೀತದ ರಾಯಧನ ಶುಲ್ಕ ಎಂಬ ಇನ್ನೊಂದು ಸಾಲು ಬಹುಕಾಲದಿಂದ ಅದರಲ್ಲಿ ಕೂತಿದೆ; ಅದರ ಪ್ರಮಾಣ ಸಂಗೀತವಿರುವ ಪ್ಯಾಕೇಜಿನ ದರದ ಐದನೇ ಒಂದು ಭಾಗವನ್ನೂ ಮೀರಿದ್ದುಂಟು. ಹೆಸರು ಕೇಳಿದರೆ ಸರ್ಕಾರದ ತೆರಿಗೆಯಂತೆ ಕಾಣುವ ಇದು ಕಂಪನಿಯೇ ಹಾಕಿಕೊಂಡ ಶುಲ್ಕ. ಇಪ್ಪತ್ತೈದರ ಪ್ಯಾಕೇಜು ಮೂವತ್ತರ ಬಿಲ್ಲಾಗುವುದು ಹೀಗೆ.

ಗಂಟೆಯ ಲೆಕ್ಕದಲ್ಲಿ ನೋಡೋಣ. ಕೆಲಸಕ್ಕೆ ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ, ತಿಂಗಳಿಗೆ ಇಪ್ಪತ್ತು ದಿನ ಎಂದರೆ ನಲವತ್ತು ಗಂಟೆ. ಮೂವತ್ತು ಡಾಲರಿಗೆ ಗಂಟೆಗೆ 75 ಸೆಂಟ್. ಕಚೇರಿ ಕಾಲು ಗಂಟೆಯ ದಾರಿಯಲ್ಲಿದ್ದರೆ ತಿಂಗಳಿಗೆ ಹತ್ತೇ ಗಂಟೆ, ಗಂಟೆಗೆ ಮೂರು ಡಾಲರ್. ಮನೆಯಿಂದಲೇ ಕೆಲಸ ಮಾಡುತ್ತಾ ವಾರಕ್ಕೊಮ್ಮೆ ಸಾಮಾನು ತರಲು ಕಾರು ತೆಗೆಯುವವರ ಲೆಕ್ಕವನ್ನು ಹಾಕದಿರುವುದೇ ವಾಸಿ. ಮೂಗಿಗಿಂತ ಮೂಗುತಿ ಭಾರ.

ಆದರೆ ಪಟ್ಟಿ ದರ ಎಂಬುದು ಕೇಳದೆ ಕಟ್ಟುವವರಿಗೆ ಮಾತ್ರ ಎಂಬುದು ಅಲ್ಲಿ ಬಲ್ಲವರಿಗೆಲ್ಲ ಗೊತ್ತಿರುವ ಗುಟ್ಟು. ಬಿಟ್ಟಿ ಅವಧಿ ಮುಗಿದ ಮೇಲೆ ಸುಮ್ಮನಿದ್ದರೆ ಪಟ್ಟಿ ದರದ ಅರ್ಧಕ್ಕೂ ಕಡಿಮೆಗೆ ಕೊಡುತ್ತೇವೆ ಎಂಬ ಪತ್ರ ಬರುತ್ತದೆ. ಚಂದಾ ನಿಲ್ಲಿಸುತ್ತೇನೆ ಎಂದು ಫೋನ್ ಮಾಡಿದವರೊಡನೆ ನಡೆಯುವ ಮಾತು ಹೆಚ್ಚುಕಡಿಮೆ ಹೀಗಿರುತ್ತದೆ:

“ಯಾಕೆ ಸರ್ ಬಿಡ್ತಿದ್ದೀರಿ?”

“ಕಾರಲ್ಲಿ ಅಷ್ಟು ಓಡಾಡಲ್ಲ.”

“ಹಾಗಿದ್ರೆ ಚಿಕ್ಕ ಪ್ಯಾಕೇಜು ತಗೊಳ್ಳಿ.”

“ಬೇಡ.”

“ಇದೇ ಪ್ಯಾಕೇಜು ಒಂದು ವರ್ಷ ಅರ್ಧ ದರಕ್ಕೆ ಕೊಟ್ರೆ?”

“ಬೇಡ, ನಿಲ್ಲಿಸಿ.”

“ಆಯ್ತು ಸರ್, ಇನ್ನೂ ಒಂದು ಆಫರ್ ಇದೆ...”

ಅರ್ಧ ದರ ಬಂದಲ್ಲಿಯೇ ಹೂಂ ಎಂದವರಿಗೆ ಒಂದು ವರ್ಷ ಲಾಭ. ವರ್ಷ ಕಳೆದ ಮೇಲೆ ಕಾರ್ಡಿನಿಂದ ಪಟ್ಟಿ ದರ ತಾನೇ ತಾನಾಗಿ ಕಡಿತವಾಗತೊಡಗುತ್ತದೆ. ತಾರೀಖು ನೆನಪಿಟ್ಟುಕೊಂಡು ಮತ್ತೆ ಫೋನ್ ಮಾಡಿದವರಿಗೆ ಮತ್ತೆ ರಿಯಾಯಿತಿ, ಮರೆತವರಿಗೆ ದಂಡ. ಒಂದೇ ಸೇವೆಗೆ ಅಕ್ಕಪಕ್ಕದ ಮನೆಯವರು ಬೇರೆ ಬೇರೆ ದರ ಕೊಡುತ್ತಿರುವುದು ಇಲ್ಲಿ ಸಾಮಾನ್ಯ.

ಈ ಎಳೆದಾಟ ಕೋರ್ಟಿನ ಕಟ್ಟೆಯನ್ನೂ ಹತ್ತಿತು. ಚಂದಾ ನಿಲ್ಲಿಸುವುದನ್ನು ಬೇಕೆಂದೇ ಕಷ್ಟ ಮಾಡಿದ್ದಾರೆ ಎಂದು ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಲೆಟಿಷಿಯಾ ಜೇಮ್ಸ್ 2023ರ ಡಿಸೆಂಬರಿನಲ್ಲಿ ದಾವೆ ಹೂಡಿದರು. ಸೇರಲು ಒಂದು ಗುಂಡಿ ಸಾಕು, ಬಿಡಲು ಮಾತ್ರ ಸಿಬ್ಬಂದಿಯೊಡನೆ ಉದ್ದನೆಯ ಮಾತುಕತೆ ಎಂಬುದು ದೂರಿನ ತಿರುಳು. ಚಂದಾ ನಿಲ್ಲಿಸುವ ದಾರಿ ಸರಳವಾಗಿರಬೇಕೆಂಬ ಕೇಂದ್ರ ಕಾನೂನನ್ನು ಕಂಪನಿ ಮುರಿದಿದೆ ಎಂದು 2024ರ ನವೆಂಬರಿನಲ್ಲಿ ಅಲ್ಲಿನ ನ್ಯಾಯಾಧೀಶರು ತೀರ್ಪಿತ್ತರು. ಅದಕ್ಕೂ ಮುಂಚೆ, 2014ರಲ್ಲಿ, ಇಂಥದೇ ದೂರುಗಳ ಮೇಲೆ ನಲವತ್ತಕ್ಕೂ ಹೆಚ್ಚು ರಾಜ್ಯಗಳೊಡನೆ ಕಂಪನಿ ಹಣ ಕೊಟ್ಟು ರಾಜಿ ಮಾಡಿಕೊಂಡಿತ್ತು. ಹಾಗಾಗಿ ಚಂದಾದ ಬೆಲೆಗೆ ಇನ್ನೊಂದನ್ನು ಸೇರಿಸಿಕೊಳ್ಳಬೇಕು: ವರ್ಷಕ್ಕೊಮ್ಮೆ ಚೌಕಾಸಿ ಮಾಡುವ ನಿಮ್ಮ ಹೊತ್ತು ಮತ್ತು ತಾಳ್ಮೆ.

ಬೆಂಗಳೂರಿನ ಪಾಠ

ಅಮೆರಿಕದಲ್ಲಿ ನಿಂತ ಗಿಡ ಬೇರೆಲ್ಲೂ ಬೇರು ಬಿಡಲಿಲ್ಲ. ಗಡಿಗೆ ಅಂಟಿಕೊಂಡಿರುವ ಕೆನಡಾ ಒಂದನ್ನು ಬಿಟ್ಟರೆ, ಚಂದಾ ಕಟ್ಟಿ ಕೇಳುವ ಉಪಗ್ರಹ ರೇಡಿಯೊ ಎಲ್ಲ ಕಡೆಯೂ ಸೋತಿತು. ಜಪಾನಿನ ಮೊಬಾಹೊ 2004ರಲ್ಲಿ ಶುರುವಾಗಿ 2009ರಲ್ಲಿ ನಿಂತಿತು. ನಮಗೆ ಹತ್ತಿರದ ಸೋಲು ವರ್ಲ್ಡ್‌ಸ್ಪೇಸ್‌ನದು.

ಇಥಿಯೋಪಿಯಾದಲ್ಲಿ ಹುಟ್ಟಿದ ನೋವಾ ಸಮಾರಾ 1990ರಲ್ಲಿ ಸ್ಥಾಪಿಸಿದ ಈ ಕಂಪನಿಯ ಗುರಿ ದೊಡ್ಡದಾಗಿತ್ತು: ರೇಡಿಯೊ ಕೇಂದ್ರಗಳೇ ವಿರಳವಾಗಿದ್ದ ಆಫ್ರಿಕಾ ಮತ್ತು ಏಷ್ಯಾಗಳಿಗೆ ಆಕಾಶದಿಂದ ಮಾಹಿತಿ, ಶಿಕ್ಷಣ, ಸಂಗೀತ ತಲುಪಿಸುವುದು. 1998ರಲ್ಲಿ ಆಫ್ರಿಸ್ಟಾರ್, 2000ದಲ್ಲಿ ಏಷ್ಯಾಸ್ಟಾರ್ ಉಪಗ್ರಹಗಳು ಮೇಲೇರಿದವು. ಭಾರತದ ವ್ಯವಹಾರದ ಕೇಂದ್ರ ಬೆಂಗಳೂರಾಯಿತು. ಕನ್ನಡಕ್ಕೆ ‘ಸ್ಪರ್ಶ’, ಕರ್ನಾಟಕ ಸಂಗೀತಕ್ಕೆ ‘ಶ್ರುತಿ’, ಹಿಂದೂಸ್ತಾನಿಗೆ ‘ಗಾಂಧರ್ವ’, ಹಳೆಯ ಹಿಂದಿ ಚಿತ್ರಗೀತೆಗೆ ‘ಫರಿಶ್ತಾ’, ಹೀಗೆ ಒಂದೊಂದು ರುಚಿಗೂ ಒಂದೊಂದು ಚಾನೆಲ್. ಎ.ಆರ್. ರೆಹಮಾನ್ ಅದರ ರಾಯಭಾರಿಯಾದರು. ಚಂದಾ ವರ್ಷಕ್ಕೆ ಎರಡು ಸಾವಿರ ರೂಪಾಯಿಯ ಒಳಗೇ ಇತ್ತು. ಇಡೀ ದಿನ ಆಲಾಪನೆ, ತಾನ, ಪಲ್ಲವಿ ಕೇಳಬೇಕೆಂದಿದ್ದ ರಸಿಕರಿಗೆ ಆಗ ಅದಕ್ಕಿಂತ ಒಳ್ಳೆಯದು ಸಿಗುತ್ತಿರಲಿಲ್ಲ.

ತೊಡಕು ಇದ್ದದ್ದು ಆಂಟೆನಾದಲ್ಲಿ. ಏಷ್ಯಾಸ್ಟಾರ್ ಸಮಭಾಜಕದ ಮೇಲೆ 105 ಡಿಗ್ರಿ ಪೂರ್ವ ರೇಖಾಂಶದಲ್ಲಿತ್ತು. ಬೆಂಗಳೂರಿನಿಂದ ನೋಡಿದರೆ ಪೂರ್ವದಿಂದ ಆಗ್ನೇಯಕ್ಕೆ ಕೊಂಚ ವಾಲಿದ ದಿಕ್ಕು, ದಿಗಂತದಿಂದ ಸುಮಾರು 55 ಡಿಗ್ರಿ ಮೇಲೆ. ರಿಸೀವರಿನ ಜೊತೆ ಕೊಡುತ್ತಿದ್ದ ಚಪ್ಪಟೆ ಆಂಟೆನಾವನ್ನು ಆ ಕಡೆಯ ಕಿಟಕಿಯಲ್ಲಿಟ್ಟು, ಪರದೆಯ ಮೇಲಿನ ಸಿಗ್ನಲ್ ಗೆರೆಗಳನ್ನು ನೋಡುತ್ತಾ ಅತ್ತಿತ್ತ ಹೊರಳಿಸಿ ಸರಿಹೊಂದಿಸಬೇಕಿತ್ತು. ಪಡುವಣಕ್ಕೆ ಮಾತ್ರ ಕಿಟಕಿಯಿರುವ ಬಾಡಿಗೆ ಮನೆಯವರಿಗೆ, ಎದುರಿಗೆ ನಾಲ್ಕು ಅಂತಸ್ತಿನ ಕಟ್ಟಡ ಎದ್ದವರಿಗೆ ತಂತಿ ಎಳೆದು ತಾರಸಿಗೆ ಹೋಗುವುದೇ ಗತಿ. ಓಡುವ ಕಾರಿನಲ್ಲಿ ಇದು ಆಗದ ಮಾತು. ಕಾರಿಗೆ ಬೇಕಾದ ನೆಲಗೋಪುರಗಳಿಗೆ ನೀತಿ ಬೇಕಿತ್ತು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2005ರಲ್ಲಿ ಶಿಫಾರಸು ಮಾಡಿತಾದರೂ ವರ್ಲ್ಡ್‌ಸ್ಪೇಸ್ ಬದುಕಿರುವ ತನಕ ಆ ದಾರಿ ತೆರೆಯಲಿಲ್ಲ. ಉಪಗ್ರಹ ರೇಡಿಯೊದ ನಿಜವಾದ ಮಾರುಕಟ್ಟೆ ರಸ್ತೆಯ ಮೇಲಿದ್ದಾಗ ವರ್ಲ್ಡ್‌ಸ್ಪೇಸ್ ಮನೆಯೊಳಗೇ ಉಳಿಯಿತು. ಮನೆಯೊಳಗೆ ಅದಕ್ಕೆ ಸಿಡಿ, ಟೀವಿ, ಆಮೇಲೆ ಇಂಟರ್ನೆಟ್ಟು, ಎಲ್ಲವೂ ಎದುರಾಳಿಗಳೇ. 2001ರ ಜುಲೈಯಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ ಶುರುವಾದದ್ದೂ ಇದೇ ಬೆಂಗಳೂರಿನಲ್ಲಿ, ಅದೂ ಬಿಟ್ಟಿಯಾಗಿ.

2008ರ ಅಕ್ಟೋಬರಿನಲ್ಲಿ ಕಂಪನಿ ಅಮೆರಿಕದಲ್ಲಿ ದಿವಾಳಿ ಅರ್ಜಿ ಹಾಕಿತು. ಆಗ ಅದಕ್ಕಿದ್ದ ಚಂದಾದಾರರು ಸುಮಾರು 1.7 ಲಕ್ಷ, ಅವರಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಭಾರತೀಯರು. 2009ರ ಡಿಸೆಂಬರ್ 31ಕ್ಕೆ ಭಾರತದ ಪ್ರಸಾರ ನಿಂತಿತು. ಅವಧಿ ಇನ್ನೂ ಬಾಕಿಯಿದ್ದವರ ಮನೆಯಲ್ಲೂ ರಿಸೀವರ್ ಖಾಲಿ ಡಬ್ಬಿಯಾಯಿತು. 

ಉಪಗ್ರಹದಿಂದ ಮೊಬೈಲಿಗೆ ಧ್ವನಿ, ಚಿತ್ರ ಕಳಿಸುವ ಇನ್ನೊಂದು ಯೋಜನೆಯೂ ಬೆಂಗಳೂರಿನಲ್ಲೇ ರೂಪುಗೊಂಡಿತ್ತು. ಇಸ್ರೋದ ವಾಣಿಜ್ಯ ಅಂಗವಾದ ಆಂಟ್ರಿಕ್ಸ್ ಮತ್ತು ದೇವಾಸ್ ಎಂಬ ಖಾಸಗಿ ಕಂಪನಿಯ ನಡುವೆ 2005ರಲ್ಲಿ ಆದ ಒಪ್ಪಂದ 2011ರಲ್ಲಿ ರದ್ದಾಗಿ ವಿವಾದಗಳಲ್ಲಿ ಮುಳುಗಿತು. ಇಂದು ನಮ್ಮಲ್ಲಿ ಉಪಗ್ರಹದಿಂದ ರೇಡಿಯೊ ಬರುವುದು ಬಿಟ್ಟಿಯಾಗಿ: ದೂರದರ್ಶನದ ಫ್ರೀ ಡಿಶ್ ತಟ್ಟೆ ಹಾಕಿಸಿದ ಮನೆಗೆ ತಿಂಗಳ ಬಾಡಿಗೆಯಿಲ್ಲದೆ ಆಕಾಶವಾಣಿಯ ಚಾನೆಲ್‌ಗಳು ಬರುತ್ತವೆ. ಇಪ್ಪತ್ನಾಲ್ಕು ಗಂಟೆಯ ಶಾಸ್ತ್ರೀಯ ಸಂಗೀತದ ‘ರಾಗಂ’ 2016ರ ಗಣರಾಜ್ಯೋತ್ಸವದಂದು ಬೆಂಗಳೂರಿನಿಂದಲೇ ಶುರುವಾಯಿತು. ಶ್ರುತಿ, ಗಾಂಧರ್ವಗಳ ಕೇಳುಗರು ಅಂದು ದುಡ್ಡು ಕೊಟ್ಟು ಪಡೆದದ್ದರ ದೊಡ್ಡ ಪಾಲು ಇಂದು ಸರ್ಕಾರದ ಖರ್ಚಿನಲ್ಲಿ ಸಿಗುತ್ತಿದೆ.

ಯಾರಿಗೆ ಬೇಕು, ಯಾರಿಗೆ ಬೇಡ

ಇಷ್ಟನ್ನೆಲ್ಲ ತೂಗಿ ನೋಡಿದರೆ ಉತ್ತರ ಒಬ್ಬೊಬ್ಬರಿಗೆ ಒಂದೊಂದು. ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಚಕ್ರದ ಹಿಂದೆ ಕೂರುವವರು, ನೆಟ್‌ವರ್ಕ್ ಸಿಗದ ದಾರಿಗಳಲ್ಲಿ ಓಡಾಡುವವರು, ದೂರದ ತಂಡದ ಆಟವನ್ನು ನೇರವಾಗಿ ಕೇಳದೆ ಇರಲಾರದವರು ಕಟ್ಟಬಹುದು, ಅದೂ ರಿಯಾಯಿತಿ ದರಕ್ಕೆ ಮಾತ್ರ. ಒಬ್ಬರೇ ನಿರೂಪಕರ ಅಭಿಮಾನಿಗಳು ಆ ಒಬ್ಬರು ಅಲ್ಲಿರುವ ತನಕ ಕಟ್ಟಬಹುದು. ಊರೊಳಗೆ ಸಣ್ಣ ದಾರಿ ಓಡಾಡುವವರು, ತಮಗೆ ಬೇಕಾದ ಹಾಡನ್ನು ತಾವೇ ಆರಿಸಿಕೊಳ್ಳುವವರು, ಧ್ವನಿಯ ಸೂಕ್ಷ್ಮ ಬೇಕೆನ್ನುವವರು, ಕನ್ನಡವನ್ನೇ ಕೇಳುವವರು ಕಟ್ಟಬೇಕಿಲ್ಲ. ವರ್ಷಕ್ಕೊಂದೋ ಎರಡೋ ದೂರ ಪ್ರಯಾಣ ಮಾಡುವವರು ಆ ತಿಂಗಳಿಗಷ್ಟೇ ಚಂದಾ ತೆಗೆದುಕೊಂಡು ಬಿಡುವುದು ಜಾಣತನ.

ಗೊಂದಲವಿದ್ದವರಿಗೆ ಒಂದು ಸುಲಭದ ಪರೀಕ್ಷೆ ಇದೆ. ಬಿಟ್ಟಿ ತಿಂಗಳುಗಳ ನಡುವೆ ಒಂದು ವಾರ ಉಪಗ್ರಹವನ್ನು ಮುಟ್ಟದೆ ಫೋನು ಮತ್ತು ಎಫ್‌ಎಂನಲ್ಲೇ ಕಳೆಯಿರಿ. ಆ ವಾರ ಏನು ತಪ್ಪಿತು ಎಂದು ಹೆಸರಿಟ್ಟು ಹೇಳಲು ಬಂದರೆ ಅದಕ್ಕೆ ಬೆಲೆ ಕಟ್ಟಬಹುದು. ಹೇಳಲು ಏನೂ ಇಲ್ಲದಿದ್ದರೆ ಪತ್ರವನ್ನು ಹರಿದು ಹಾಕಬಹುದು. ಕಟ್ಟುವುದೇ ಆದರೆ ರಿಯಾಯಿತಿ ಮುಗಿಯುವ ತಾರೀಖನ್ನು ಅಂದೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಕಂಪನಿ ನಾಳೆಯೇ ಮುಚ್ಚೀತು ಎಂಬ ಭಯ ಅಮೆರಿಕದ ಕೇಳುಗನಿಗೆ ಸದ್ಯಕ್ಕೆ ಬೇಡ. 2024ರ ಡಿಸೆಂಬರಿನಲ್ಲಿ ಒಂದು, 2025ರ ಜೂನಿನಲ್ಲಿ ಇನ್ನೊಂದು ಹೊಸ ಉಪಗ್ರಹವನ್ನು ಅದು ಹಾರಿಸಿದೆ. ಉಪಗ್ರಹವೆಂದರೆ ಹದಿನೈದು ವರ್ಷದ ಬಾಳಿಕೆಯ ಲೆಕ್ಕ. ಆದರೂ ವರ್ಲ್ಡ್‌ಸ್ಪೇಸ್ ಕಲಿಸಿದ್ದನ್ನು ಕಡೆಗಣಿಸಬೇಕಿಲ್ಲ: ವರ್ಷಗಟ್ಟಲೆ ಮುಂಗಡ ಕಟ್ಟುವುದಕ್ಕಿಂತ ತಿಂಗಳ ಚಂದಾ ಮೇಲು. ನಾಳೆ ಭಾರತದಲ್ಲಿ ಯಾರಾದರೂ ಮತ್ತೆ ಇಂಥ ಸೇವೆ ತಂದರೆ ಕೈಚೀಲ ಬಿಚ್ಚುವ ಮೊದಲು ಮೂರು ಮಾತು ಕೇಳಿ. ಇದು ಓಡುವ ಕಾರಿನಲ್ಲಿ, ಶಿರಾಡಿ ಘಾಟಿಯ ತಿರುವಿನಲ್ಲೂ ಕೇಳಿಸುತ್ತದೆಯೇ? ಫೋನಿನಲ್ಲಿ ಸಿಗದ ಯಾವುದನ್ನು ಕೊಡುತ್ತದೆ? ಬೇಡವೆಂದ ದಿನ ಬಿಡಲು ಎಷ್ಟು ಹೊತ್ತು ಹಿಡಿಯುತ್ತದೆ? ಮೂರಕ್ಕೂ ನೇರ ಉತ್ತರ ಬಂದರೆ ಕಟ್ಟಿ. ಒಂದಕ್ಕೆ ತಡವರಿಸಿದರೂ ಆಕಾಶವಾಣಿ ಇದ್ದೇ ಇದೆ.